ಹರಾಜಾಗದ ಹುಂಜ

ಕಂಡದ್ದನ್ನು ಮೊದಲು ಹೇಳಬೇಕು, ಅಂದುಕೊಂಡದ್ದನ್ನು ಆಮೇಲೆ ಹೇಳಬೇಕು ಎಂದು ನನಗೆ ಕಲಿಸಿದವರು ದಾವಣಗೆರೆಯ ನಮ್ಮ ಸಣ್ಣ ಚರ್ಚಿನ ಹಿರಿಯರೊಬ್ಬರು. ಅವರ ವಿಷಯವನ್ನೇ ಬರೆಯುತ್ತಿರುವುದರಿಂದ ಅವರ ಕ್ರಮದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಅದು ಅವರ ಮಗಳು ಹಾಕಿದ ಷರತ್ತು. 'ಬರಿ, ಆದ್ರೆ ಅದನ್ನ ಪಾಠ ಮಾಡಬ್ಯಾಡ' ಎಂದು ಇನ್ನೊಂದು ಷರತ್ತನ್ನೂ ಹಾಕಿದ್ದಾಳೆ. ಮೊದಲನೆಯದು ಸುಲಭ. ಎರಡನೆಯದು ಜೀವಮಾನವೆಲ್ಲ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಕಷ್ಟ.

ಹಿರಿಯರು ಹತ್ತಿ ಮಿಲ್ಲಿನಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸದಲ್ಲಿದ್ದರು. ಮಗ್ಗದಿಂದ ಇಳಿದ ಬಟ್ಟೆಯನ್ನು ಓರೆ ಮೇಜಿನ ಮೇಲೆ ಎಳೆಯುತ್ತ, ಬೆಳಕಿಗೆ ಹಿಡಿದು, ಎಲ್ಲಿ ಎಳೆ ಹರಿದಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ ಎಂದು ಸೀಮೆಸುಣ್ಣದಿಂದ ಗುರುತು ಹಾಕಬೇಕು. ತಪ್ಪು ಹೇಗಾಯಿತೆಂದು ವಿಚಾರಿಸುವುದು ಅವರ ಕೆಲಸವಲ್ಲ. ಬೆಂಗಳೂರಿನಲ್ಲಿ ನಡೆದ ಒಂದು ಶಿಬಿರದಿಂದ ಅವರು ಬೈಬಲ್ ಅಭ್ಯಾಸದ ಹೊಸ ಕ್ರಮವೊಂದನ್ನು ಕಲಿತು ಬಂದರು. ಅದು ಅವರ ಕೈಗೆ ಅಷ್ಟು ಬೇಗ ಒಗ್ಗಿದ್ದು ಬಟ್ಟೆ ನೋಡುವ ಅಭ್ಯಾಸದಿಂದಲೇ ಇರಬೇಕು.

ಅದುವರೆಗೆ ನಮ್ಮಲ್ಲಿ ಅಭ್ಯಾಸವೆಂದರೆ ಅಯ್ಯನವರು ಹೇಳುವುದು, ನಾವು ತಲೆಯಾಡಿಸುವುದು. ಅಯ್ಯನವರೆಂದರೆ ನಮ್ಮ ಸಭಾಪಾಲಕರು. ಅವರು ಮೂರು ಊರಿನ ಚರ್ಚು ನೋಡಿಕೊಳ್ಳಬೇಕಾಗಿದ್ದರಿಂದ ಗುರುವಾರದ ಕೂಟವನ್ನು ಹಿರಿಯರಿಗೆ ಸಂತೋಷದಿಂದ ಬಿಟ್ಟುಕೊಟ್ಟರು. ಹಿರಿಯರು ಕಪ್ಪು ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದರು. ಇಲ್ಲಿ ಏನಿದೆ? ಅದರ ಅರ್ಥವೇನು? ನಾನು ಏನು ಮಾಡಬೇಕು? ಅವು ಹಲಗೆಯ ಮೇಲೆಯೇ ಉಳಿದವು. ಭಾನುವಾರ ಶಾಲೆಯ ಮಕ್ಕಳು ಅಳಿಸಿದರೂ ಗುರುವಾರ ಸಂಜೆಯ ಹೊತ್ತಿಗೆ ಮತ್ತೆ ಬರೆದಿರುತ್ತಿದ್ದವು.

ಮೊದಲನೆಯ ಪ್ರಶ್ನೆ ನಡೆಯುತ್ತಿರುವಾಗ ಯಾರೂ 'ಅಂದರೆ' ಎನ್ನಬಾರದು. ಯಾರು ಬಂದರು, ಎಲ್ಲಿ ನಿಂತರು, ಯಾವ ಮಾತು ಎರಡು ಸಲ ಬಂದಿದೆ, ಇಷ್ಟೇ. ಅಭ್ಯಾಸಬಲದಿಂದ ಯಾರಾದರೂ 'ಅಂದ್ರೆ ದೇವರು ಇಲ್ಲಿ ನಮಗೆ' ಎಂದು ಶುರುಮಾಡಿದರೆ ಹಿರಿಯರು ಸೀಮೆಸುಣ್ಣದಿಂದ ಹಲಗೆಯ ಚೌಕಟ್ಟನ್ನು ಟಕ್ಕೆಂದು ಬಡಿಯುತ್ತಿದ್ದರು. ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದ ಒಬ್ಬರಿಗೆ ಇದರಿಂದ ಬಹಳ ಕಷ್ಟವಾಯಿತು. ಅವರು 'ಅಂದರೆ' ಇಲ್ಲದೆ ಬಾಯಿ ತೆರೆದವರೇ ಅಲ್ಲ. ಆದರೂ ಬಿಡದೆ ಬರುತ್ತಿದ್ದರು, ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದರು.

ಮೂರನೆಯ ಪ್ರಶ್ನೆಗೆ ಹಿರಿಯರ ಕಟ್ಟಳೆ ಇನ್ನೂ ಬಿಗಿ. ಉತ್ತರ 'ನಾನು' ಎಂದೇ ಶುರುವಾಗಬೇಕು. ಮಾಡಿದಿರೋ ಇಲ್ಲವೋ ಎಂಬುದು ಇನ್ನೊಬ್ಬರ ಕಣ್ಣಿಗೆ ಕಾಣುವಂತಿರಬೇಕು. ಮುಂದಿನ ಗುರುವಾರ ಎದ್ದು ನಿಂತು ಹೇಳಬೇಕು. 'ಹೆಚ್ಚು ಪ್ರೀತಿಯಿಂದ ಇರುತ್ತೇನೆ' ಎಂಬಂಥ ಉತ್ತರ ನಡೆಯುತ್ತಿರಲಿಲ್ಲ. ತನ್ನ ಕಣ್ಣಿನ ತೊಲೆ ಬಿಟ್ಟು ಇನ್ನೊಬ್ಬನ ಕಣ್ಣಿನ ಕಸ ನೋಡುವವನ ಬೈಬಲ್ ಭಾಗವನ್ನು ಓದಿದ ದಿನ ನರ್ಸಮ್ಮ ಒಬ್ಬರು, ಈ ಭಾಗವನ್ನು ಕೇಳುವುದಕ್ಕೆ ನಮ್ಮತ್ತೆ ಇಲ್ಲಿ ಇರಬೇಕಾಗಿತ್ತು ಎಂದು ಹೃದಯ ತುಂಬಿ ಹೇಳಿದರು.

"ಅತ್ತಿ ಬಂದಾಗ ಅತ್ತಿದು ಅತ್ತಿ ಹೇಳ್ತಾರೆ," ಅಂದರು ಹಿರಿಯರು. "ನಿಮ್ಮದು ನೀವು ಹೇಳ್ರಿ ಅಕ್ಕಾರೆ."

ನಾವು ಮಾಡಿದ್ದು ಎಲ್ಲವೂ ಸುಖವಾಗಿ ಮುಗಿಯಲಿಲ್ಲ. ಮಿಲ್ಲಿನವರ ಲೈನು ಮನೆಗಳಲ್ಲಿ ನಲ್ಲಿಯ ಮುಂದೆ ವರ್ಷಗಟ್ಟಲೆ ಜಗಳವಾಡುತ್ತಿದ್ದ ಒಬ್ಬಾಕೆ, ಆ ವಾರ ಓದಿದ ಭಾಗವನ್ನು ಅನ್ವಯಿಸಿ, 'ಇವತ್ತು ನೀವೇ ಮೊದಲು ಹಿಡೀರಿ' ಎಂದು ನೆರೆಯಾಕೆಗೆ ದಾರಿ ಬಿಟ್ಟಳು. ನೆರೆಯಾಕೆ ಕೂಟಕ್ಕೆ ಬರುವವಳಲ್ಲ. ನೀರಿಗೆ ಏನೋ ಆಗಿದೆ, ಅದಕ್ಕೇ ಬಿಡುತ್ತಿದ್ದಾಳೆ ಎಂದು ತಿಳಿದು ಬೀದಿಯನ್ನೆಲ್ಲ ಸೇರಿಸಿದಳು. ಗುರುವಾರ ಈಕೆ ಎದ್ದು ನಿಂತು ಅಳುತ್ತ ಇದನ್ನು ಹೇಳಿದಾಗ ಹಿರಿಯರು, ಮಾಡಿದ್ದು ಮಾಡಿದ್ದೇ, ಫಲ ನಮ್ಮ ಕೈಯಲ್ಲಿಲ್ಲ ಎಂದು ಸಮಾಧಾನ ಹೇಳಿದರು. ಅವರು ನಗಲಿಲ್ಲ. ನಗದವರು ಅವರೊಬ್ಬರೇ.

ಈಗ ಮಗಳ ವಿಷಯ. ಅವಳು ನನ್ನ ಜೊತೆ ಓದಿದವಳು, ತಾಯಿಯಿಲ್ಲದವಳು, ಒಬ್ಬಳೇ ಮಗಳು. ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ಕ್ರೈಸ್ತನೇ, ಆದರೆ ಕ್ಯಾಥೊಲಿಕ್, ನಾವು ಪ್ರಾಟೆಸ್ಟಂಟರು. ಮದುವೆ ಅವರ ಚರ್ಚಿನಲ್ಲಿ, ಅವರ ಪಾದ್ರಿಯಿಂದ ಆಯಿತು. ಹಿರಿಯರು ಹೋಗಲಿಲ್ಲ, ಆ ದಿನದಿಂದ ಮಗಳ ಹೆಸರನ್ನೂ ಎತ್ತಲಿಲ್ಲ. ಹಿರಿಯರಿದ್ದ ಮನೆಯ ಮಾಲೀಕರು ಹತ್ತಿ ವ್ಯಾಪಾರದ ಸಾಹುಕಾರರು, ದಿನವೂ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಅವರಿಗೆ ಈ ಸಿಟ್ಟಿನ ತಲೆಬುಡ ತಿಳಿಯಲಿಲ್ಲ. ಒಮ್ಮೆ ನನ್ನನ್ನೇ ತಡೆದು ಕೇಳಿದರು. "ಅಲ್ಲವ್ವಾ, ಇಬ್ರದ್ದೂ ಅದೇ ದೇವ್ರು, ಅದೇ ಪುಸ್ತಕ. ಮತ್ತೆ ಜಗಳ ಯಾತರದು?" ನಾನು ವಿವರಿಸಲು ಹೊರಟೆ. ಒಂದು ವಾಕ್ಯ ಹೇಳುವಷ್ಟರಲ್ಲಿ ನನಗೂ ತಿಳಿಯದಂತಾಯಿತು.

ಅವಳ ಮನೆ ಹರಿಹರದಾಚೆ ಗುತ್ತೂರಿನ ಕಡೆ ಹೋಗುವ ರಸ್ತೆಯಲ್ಲಿತ್ತು. ನಾನು ರಜೆಯಲ್ಲಿ ಹೋಗಿ ಬರುತ್ತಿದ್ದೆ. ಮೊದಲ ಕೂಸು ಹುಟ್ಟಿದಾಗ ಹೋಗಿ ನೋಡಿದೆ. ಗಂಡು. ಬದುಕಿದ್ದು ಸ್ವಲ್ಪವೇ ಕಾಲ. ಕೂಸು ತೀರಿಕೊಂಡ ಬೆಳಿಗ್ಗೆ ಅವಳ ಗಂಡ ಸೈಕಲ್ ತುಳಿದುಕೊಂಡು ದಾವಣಗೆರೆಗೆ ಬಂದು, ಮಿಲ್ಲಿನ ಗೇಟಿನಲ್ಲಿ ಮಾವನಿಗೆ ಸುದ್ದಿ ಹೇಳಿ, ಆಮೇಲೆ ನನಗೆ ಹೇಳಿದ. ನಾನು ಶಾಲೆಗೆ ರಜೆ ಹಾಕಿ ಹೋದೆ. ಅವರ ಸ್ಮಶಾನ ತಗ್ಗಿನಲ್ಲಿತ್ತು. ಹೊಳೆ ಆಗತಾನೆ ಇಳಿದಿತ್ತು, ನೆಲವೆಲ್ಲ ಕೆಸರು. ಮಣ್ಣು ಹಾಕುವವರೆಗೂ ಅವಳು ರಸ್ತೆಯ ಕಡೆಗೇ ನೋಡುತ್ತಿದ್ದಳು. ಯಾರ ದಾರಿ ನೋಡುತ್ತಿದ್ದಳೆಂದು ನಾನು ಹೇಳಬೇಕಾಗಿಲ್ಲ. ಯಾರೂ ಬರಲಿಲ್ಲ.

ಅಂದು ಗುರುವಾರ. ಬಸ್ಸಿಳಿದು ಮನೆಗೆ ಹೋಗದೆ ನೇರ ಕೂಟಕ್ಕೆ ಹೋದೆ. ಯಾಕೆ ಹೋದೆನೋ ನನಗೆ ಈಗಲೂ ಗೊತ್ತಿಲ್ಲ. ಹಿರಿಯರು ಮೂರು ಪ್ರಶ್ನೆಗಳನ್ನು ಬರೆದು ತಿರುಗಿದರು. ನನ್ನ ಚಪ್ಪಲಿಯ ಮೇಲೆ, ಸೀರೆಯ ಅಂಚಿನ ಮೇಲೆ ಹೊಳೆದಂಡೆಯ ಕಪ್ಪು ಕೆಸರು ಒಣಗಿತ್ತು. ಅವರು ನನ್ನ ಕಾಲುಗಳನ್ನು ನೋಡಿದರು. ಬಟ್ಟೆ ನೋಡುವ ಹಾಗೆ, ಎಡದಿಂದ ಬಲಕ್ಕೆ ನೋಡಿದರು. ಆಮೇಲೆ ಆ ದಿನದ ಭಾಗವನ್ನು ತೆರೆಯಲು ಹೇಳಿ, ಎಂದಿನಂತೆ ಪಾಠ ನಡೆಸಿದರು. ಧ್ವನಿ ಎಲ್ಲಿಯೂ ನಡುಗಲಿಲ್ಲ. ಅಂದಿನ ಭಾಗ ಯಾವುದೆಂದು ನನಗೆ ನೆನಪಿಲ್ಲ.

ಅದಾಗಿ ಒಂದು ವರ್ಷದ ಮೇಲೆ ಸುಗ್ಗಿ ಹಬ್ಬ ಬಂತು. ನಮ್ಮ ಸುಗ್ಗಿ ಹಬ್ಬವನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಬೆಳೆದದ್ದರಲ್ಲಿ ಮೊದಲ ಪಾಲನ್ನು ದೇವರ ಮುಂದೆ ತಂದಿಡುವ ಹಬ್ಬ ಅದು. ನಮ್ಮ ಸಭೆಯಲ್ಲಿ ಲೋಕಿಕೆರೆಯ ಒಂದು ಕುಟುಂಬವನ್ನು ಬಿಟ್ಟರೆ ಯಾರಿಗೂ ಒಂದು ಗೇಣು ಹೊಲ ಇರಲಿಲ್ಲ. ಆದ್ದರಿಂದ ಶನಿವಾರ ಪೇಟೆಯಲ್ಲಿ ಕುಂಬಳಕಾಯಿ, ತೆಂಗಿನಕಾಯಿ, ಬಾಳೆಗೊನೆ ಕೊಂಡು, ಭಾನುವಾರ ನಮ್ಮ ಬೆಳೆಯೆಂದು ಪೀಠದ ಮುಂದೆ ಇಟ್ಟು, ಆರಾಧನೆ ಮುಗಿದ ಮೇಲೆ ಅವನ್ನೇ ಅಂಗಳದಲ್ಲಿ ಹರಾಜು ಕೂಗಿ, ಪೇಟೆಯ ದರಕ್ಕಿಂತ ಹೆಚ್ಚು ಕೊಟ್ಟು ಮನೆಗೆ ಒಯ್ಯುತ್ತಿದ್ದೆವು. ದೇವರಿಗೂ ಪೇಟೆಗೂ ಇದರಿಂದ ತೊಂದರೆಯಿರಲಿಲ್ಲ. ಹಿರಿಯರು ಮಾತ್ರ ಪ್ರತಿ ವರ್ಷ ತಾವೇ ಸಾಕಿದ ಹುಂಜ ತರುತ್ತಿದ್ದರು.

ಆ ಹಬ್ಬದ ಹಿಂದಿನ ಗುರುವಾರ ಅವರು ಆರಿಸಿದ ಭಾಗ ಕಾಣಿಕೆಯದು. ಕಾಣಿಕೆಯನ್ನು ಪೀಠದ ಬಳಿಗೆ ತಂದಾಗ, ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗಿ ಬಾ, ಆಮೇಲೆ ಅರ್ಪಿಸು ಎಂಬ ಅರ್ಥದ ಮಾತು. ಅವರು ಅದನ್ನು ಆರಿಸಿದ್ದು ಹಬ್ಬಕ್ಕೆ ಹೊಂದುತ್ತದೆಂದೇ ಹೊರತು ಬೇರೆ ಉದ್ದೇಶದಿಂದಲ್ಲ ಎಂದು ನನ್ನ ಊಹೆ. ಮೊದಲನೆಯ ಪ್ರಶ್ನೆಗೆ ನಾವೆಲ್ಲ ಉತ್ತರ ಕೊಟ್ಟೆವು. ನೆನಪಾಗುವುದು ಮನೆಯಲ್ಲಲ್ಲ, ಪೀಠದ ಹತ್ತಿರ. ನೋವಾಗಿರುವುದು ಕಾಣಿಕೆ ತಂದವನಿಗಲ್ಲ, ಮನೆಯಲ್ಲಿರುವವನಿಗೆ. ಹೋಗಬೇಕಾದವನು ತಂದವನು. ಹಿರಿಯರು ಒಂದೊಂದನ್ನೂ ಹಲಗೆಯ ಮೇಲೆ ಬರೆದರು. ಮೂರನೆಯ ಪ್ರಶ್ನೆಯಲ್ಲಿ ಅವರ ಸರದಿ ಬಂದಾಗ ಸೀಮೆಸುಣ್ಣವನ್ನು ಕೆಳಗಿಟ್ಟರು. "ನಂದು ಇನ್ನೂ ಆಗಿಲ್ಲ," ಅಂದರು. ಹಾಗೆ ಅಂದದ್ದು ಅದೇ ಮೊದಲು.

ಭಾನುವಾರ ಚರ್ಚು ತುಂಬಿತ್ತು. ಒಬ್ಬೊಬ್ಬರಾಗಿ ಹೋಗಿ ಕಾಣಿಕೆ ಇಟ್ಟು ಬಂದರು. ಹಿರಿಯರು ಹುಂಜವನ್ನು ಒಯ್ದು, ಪೀಠದ ಕಟಕಟೆಗೆ ಕಾಲು ಕಟ್ಟಿ, ಮೊಣಕಾಲೂರಿದರು. ಎದ್ದವರು ಗಂಡಸರ ಕಡೆಗೆ ಹೋಗಲಿಲ್ಲ. ನಡುದಾರಿಯಲ್ಲಿ ಬಂದು ಹೆಂಗಸರ ಬೆಂಚಿನ ಪಕ್ಕ, ನನ್ನ ಮುಂದೆ ನಿಂತರು. ಹಾಡು ನಡೆಯುತ್ತಿತ್ತು. ಅಕ್ಕಪಕ್ಕದವರ ಹಾಡು ನಿಂತಿತು.

"ಆಕಿ ಮನಿ ನಿನಗೆ ಗೊತ್ತೈತಲ್ಲವ್ವ," ಅಂದರು. "ತೋರಿಸು ನಡಿ."

ನಾನು ಎದ್ದೆ. ನಾವು ಬಾಗಿಲು ದಾಟುವಾಗ ಹಿಂದಿನಿಂದ ಹುಂಜ ಕೂಗಿತು. ಆ ಹೊತ್ತಿಗೆ ಅದೊಂದೇ ಧೈರ್ಯವಂತ ಪ್ರಾಣಿ ಅಲ್ಲಿದ್ದದ್ದು.

ಹರಿಹರದ ಬಸ್ಸು ಹತ್ತಿ ಕೂತೆವು. ಮುಂದಿನ ಸೀಟಿನಲ್ಲಿ ಸಾರಥಿ ಎಂಬ ಊರಿನ ರೈತನೊಬ್ಬ ಕೂತಿದ್ದ. ಅವನ ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಹಿರಿಯರು ನೋಡುತ್ತ, ನೋಡುತ್ತ, ಒಂದು ಕಡೆ ಉಗುರಿಟ್ಟು ಮುಟ್ಟಿದರು.

ರೈತ ತಿರುಗಿದ. "ಯಾಕ್ರೀ ಯಜಮಾನ್ರೆ, ಹುಳ ಐತೇನ್ರಿ?"

"ಇಲ್ಲ. ಒಂದು ಎಳೆ ತಪ್ಪೈತೆ."

"ಒಂದೇ ಆದ್ರೆ ಹೋಗ್ಲಿ ಬಿಡ್ರಿ," ಅಂದು ಅವನು ವಲ್ಲಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

ಮಗಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲಿನೊಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ನನ್ನ ಹಿಂದೆ ನಿಂತವರನ್ನು ನೋಡಿ ಮೊರವನ್ನು ಕೆಳಗಿಟ್ಟು ಎದ್ದಳು. ಒಳಗೆ ಬರ್ರಿ ಎನ್ನಲಿಲ್ಲ. ಅವಳ ಗಂಡ ಒಳಗಿನಿಂದ ಬಂದು, ನೋಡಿ, ಹಿತ್ತಲಿಗೆ ಹೋದ.

"ಅವತ್ತು ಯಾಕ ಬರಲಿಲ್ಲ ಅಂತ ನಾ ಕೇಳಲ್ಲ ಅಪ್ಪಾಜಿ," ಅಂದಳು. "ಇವತ್ತು ಯಾಕ ಬಂದ್ರಿ, ಅಷ್ಟು ಹೇಳ್ರಿ."

ಹಿರಿಯರು ಗಂಟಲು ಸರಿಮಾಡಿಕೊಂಡು, ಈ ವಾರದ ಭಾಗದಲ್ಲಿ ಎಂದು ಶುರುಮಾಡಿದರು. ಅವಳು ಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟನ್ನು ಟಕ್ಕೆಂದು ಬಡಿದಳು. ಅವರು ನಿಲ್ಲಿಸಿದರು. ನಾನು ನೆಲ ನೋಡುತ್ತಿದ್ದೆ.

"ಭಾಗ ಬ್ಯಾಡ. ಚಿಕ್ಕಂದಿನಿಂದ ನಿಮ್ಮ ಮನಿಯಾಗೆ ಬೆಳದೋಳು, ನನಗೆ ಗೊತ್ತೈತೆ. ಗುರುವಾರ ಎದ್ದು ನಿಂತು, ಮಗಳ ಮನಿಗೆ ಹೋಗಿ ಬಂದೆ ಅಂತ ಹೇಳ್ತೀರಿ. ಎಲ್ರೂ ಸ್ತೋತ್ರ ಅಂತಾರೆ. ನನ್ನ ಕೂಸು ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಆಗೋದು ನನಗೆ ಬ್ಯಾಡ."

ಅವಳ ಧ್ವನಿ ಜೋರಾಗಿರಲಿಲ್ಲ. ಅಕ್ಕಪಕ್ಕದ ಮನೆಗೆ ಕೇಳಿಸಿರಲಾರದು. ಸ್ವಲ್ಪ ತಡೆದು ಮತ್ತೆ ಹೇಳಿದಳು. "ಅಲ್ಲಿ ಹೇಳಂಗಿದ್ರೆ ಹಿಂಗೇ ಹೋಗ್ರಿ. ಎಂದೂ ಯಾರಿಗೂ ಹೇಳಂಗಿಲ್ಲ ಅಂದ್ರೆ ಒಳಗೆ ಬರ್ರಿ."

ಈ ಮಾತಿನ ತೂಕ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಆ ಮನುಷ್ಯನ ಹತ್ತಿರ ಬೇರೆ ಏನೂ ಇರಲಿಲ್ಲ. ಹೆಂಡತಿ ಇರಲಿಲ್ಲ, ಮಿಲ್ಲಿನಲ್ಲಿ ಮೇಲಿನ ಕೆಲಸ ಇರಲಿಲ್ಲ. ಗುರುವಾರದ ಕೂಟ ಒಂದಿತ್ತು. ಹೇಳಿದ್ದನ್ನು ಮಾಡುವವರು, ಮಾಡಿದ್ದನ್ನು ಹೇಳುವವರು ಎಂಬ ಹೆಸರು ಒಂದಿತ್ತು. ಇಡೀ ಸಭೆಯ ಮುಂದೆ ಹುಂಜ ಕಟ್ಟಿ ಎದ್ದು ಬಂದಿದ್ದಾರೆ. ಹೇಳದಿದ್ದರೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ನಿಂತರು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಬಂದು, ನಮ್ಮನ್ನು ದಾಟಿ, ಸೇತುವೆಯ ಕಡೆಗೆ ತಿರುಗುವವರೆಗೂ ನಿಂತರು. ಆಮೇಲೆ ಬಗ್ಗಿ ಚಪ್ಪಲಿ ಬಿಟ್ಟರು.

ಒಳಗೆ ಅವರೇನು ಮಾತಾಡಿದರೆಂದು ನಾನು ಬರೆಯುವುದಿಲ್ಲ. ಹೆಚ್ಚು ಮಾತಾಡಲಿಲ್ಲ. ಅವಳು ಮಂಡಕ್ಕಿಗೆ ಒಗ್ಗರಣೆ ಹಾಕಿ ಮುಂದಿಟ್ಟಳು, ಅವರು ತಿಂದರು. ಹೊರಡುವ ಮುಂಚೆ, "ಎಲ್ಲೈತೆ?" ಎಂದು ಕೇಳಿದರು. ಅಳಿಯ ಹಿತ್ತಲಿನಿಂದ ಬಂದು ಅವರನ್ನು ತಗ್ಗಿನ ಸ್ಮಶಾನಕ್ಕೆ ಕರೆದುಕೊಂಡು ಹೋದ. ಅವರು ವಾಪಸು ಬಂದಾಗ ಚಪ್ಪಲಿಗೆ ಕೆಸರೇನೂ ಇರಲಿಲ್ಲ. ಆ ವರ್ಷ ಹೊಳೆ ಬೇಗ ಇಳಿದಿತ್ತು. ಆದರೂ ಅವರು ಕೂತು ಚಪ್ಪಲಿಯನ್ನು ಎಡದಿಂದ ಬಲಕ್ಕೆ ನೋಡಿದರು.

ಇತ್ತ ಚರ್ಚಿನ ಅಂಗಳದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತಂತೆ. ಕುಂಬಳಕಾಯಿಗಳೆಲ್ಲ ಹರಾಜಾಗಿ ಹುಂಜ ಉಳಿಯಿತು. ಕೂಗೋಣವೇ, ಬೇಡವೇ? ಕಾಂಪೌಂಡರು ಹಿರಿಯರ ಕ್ರಮವನ್ನೇ ಹಿಡಿದು, ಭಾಗದಲ್ಲಿ ಬಿಟ್ಟು ಹೋಗು ಅಂತ ಇದೆ, ಬಂದು ಅರ್ಪಿಸು ಅಂತ ಇದೆ, ನಡುವೆ ಹರಾಜು ಅಂತ ಎಲ್ಲಿಯೂ ಇಲ್ಲ ಎಂದು ತೋರಿಸಿಕೊಟ್ಟರು. ಅದು ಅವರು 'ಅಂದರೆ' ಇಲ್ಲದೆ ಮಾತಾಡಿದ ಮೊದಲ ಸಂದರ್ಭ. ಗಂಟೆ ಬಾರಿಸುವ ಅಜ್ಜಿ, ಅಲ್ಲಿಯವರೆಗೆ ಇದಕ್ಕೆ ಕಾಳು ಹಾಕೋರು ಯಾರು ಅಂತ ಬರದೈತೆ ನೋಡ್ರಿ ಎಂದಳಂತೆ. ಅದು ಬರೆದಿರಲಿಲ್ಲ. ಕೊನೆಗೆ ಅವಳೇ ಹಾಕಿದಳು.

ಗುರುವಾರ ಕೂಟ ಎಂದಿಗಿಂತ ಹೆಚ್ಚು ತುಂಬಿತ್ತು. ಎಲ್ಲರೂ ತಮ್ಮ ತಮ್ಮದನ್ನು ಬೇಗಬೇಗ ಹೇಳಿ ಮುಗಿಸಿ ಹಿರಿಯರ ಕಡೆ ನೋಡಿದರು. ಅವರು ಎದ್ದು ನಿಂತು, "ನನಗೆ ಹೇಳಾಕೆ ಏನೂ ಇಲ್ಲ," ಅಂದು ಕೂತರು. ಯಾರೋ ನಿಟ್ಟುಸಿರು ಬಿಟ್ಟರು. ಕೆಲವರು ನನ್ನ ಕಡೆ ತಿರುಗಿದರು. ನಾನು ಬೈಬಲ್ಲಿನ ಹಾಳೆಯ ಅಂಚನ್ನು ನೋಡುತ್ತಿದ್ದೆ.

ಆಮೇಲಿನ ಗುರುವಾರ ಅದೇ ಮಾತು. ಅದರ ಆಮೇಲಿನದ್ದಕ್ಕೂ ಅದೇ. ಹುಂಜವನ್ನು ಅವರು ಅರ್ಪಿಸಲಿಲ್ಲ. ಅರ್ಪಿಸಿದರೆ ಒಂದಾದದ್ದನ್ನು ಹೇಳಿದಂತೆಯೇ. ಅದು ಅಂಗಳದಲ್ಲಿ ಬೆಳೆಯುತ್ತ, ಅಯ್ಯನವರ ಉಪದೇಶದ ನಡುವೆ ಕೂಗುತ್ತ, ಹಿರಿಯರು ಮಗಳ ಬಾಗಿಲವರೆಗೆ ಹೋಗದೆ ಅರ್ಧ ದಾರಿಯಿಂದಲೇ ತಿರುಗಿದರು ಎಂಬುದಕ್ಕೆ ಸಾಕ್ಷಿಯಾಗಿ ಓಡಾಡುತ್ತಿತ್ತು. ಕೂಟದವರು ಅವರಿಗಾಗಿ ಪ್ರಾರ್ಥಿಸಿದರು. ನಿಜವಾಗಿ, ಕಣ್ಣೀರು ಹಾಕಿ ಪ್ರಾರ್ಥಿಸಿದರು. ಕಾಂಪೌಂಡರಂತೂ ಹೆಸರು ಹೇಳದೆ, ಆದರೆ ಬೇರೆ ಯಾರೂ ಆಗಿರಲು ಸಾಧ್ಯವಿಲ್ಲದ ಹಾಗೆ, ಕಲ್ಲಿನ ಹೃದಯವನ್ನು ಮೆತ್ತಗೆ ಮಾಡೆಂದು ಬೇಡಿದರು. ಹಿರಿಯರು ಅದಕ್ಕೂ ಆಮೆನ್ ಅಂದರು. ಭಾನುವಾರ ಆರಾಧನೆ ಮುಗಿದ ಕೂಡಲೆ ಅವರು ಹರಿಹರದ ಬಸ್ಸಿನ ಕಡೆಗೆ ಹೋಗುವುದನ್ನು ನಾನು ಅನೇಕ ಸಲ ನೋಡಿದೆ. ಮಿಲ್ಲಿನವರು ಭಾನುವಾರ ಎಲ್ಲೆಲ್ಲಿಗೋ ಹೋಗುತ್ತಾರೆ. ಬೇರೆ ಯಾರೂ ಗಮನಿಸಿದ ಹಾಗಿರಲಿಲ್ಲ.

ಮುಂದೆ ಒಂದು ದಿನ ಸಭೆಯ ಕಮಿಟಿಯವರು ಬಹಳ ಮರ್ಯಾದೆಯಿಂದ, ತಾನು ಮಾಡದ್ದನ್ನು ಇನ್ನೊಬ್ಬರಿಂದ ಮಾಡಿಸುವುದು ಕಷ್ಟವಲ್ಲವೇ, ಸ್ವಲ್ಪ ಕಾಲ ವಿಶ್ರಾಂತಿ ತಗೊಳ್ಳಿ ಎಂದು ಹೇಳಿದರು. ಹಿರಿಯರು ಜೇಬಿನಿಂದ ಸೀಮೆಸುಣ್ಣ ತೆಗೆದು ಕಾಂಪೌಂಡರ ಕೈಗೆ ಕೊಟ್ಟರು. ಆ ಮೇಲೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಹಲಗೆಯ ಮೇಲೆ ಮೂರು ಪ್ರಶ್ನೆಗಳು ಹಾಗೇ ಇದ್ದವು, ಅಕ್ಷರ ಸ್ವಲ್ಪ ದುಂಡಗಾಯಿತು. 'ಅಂದರೆ' ಎನ್ನುವುದಕ್ಕೆ ಇದ್ದ ತಡೆ ಹೋಯಿತು.

ನಾನು ಒಮ್ಮೆ ಅವರನ್ನು ದಾರಿಯಲ್ಲಿ ತಡೆದು, ನಾನೇ ಹೇಳಿಬಿಡುತ್ತೇನೆ, ಮಾತು ಕೊಟ್ಟವರು ನೀವು, ನಾನಲ್ಲ ಎಂದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಬ್ಯಾಡವ್ವ," ಅಂದರು. "ಈಗ ಆಕಿ ಮನಿಯಾಗೆ ನಾ ಬರೇ ಅಪ್ಪಾಜಿ. ಇರ್ಲಿ ಬಿಡು."

ಹುಂಜ ಐದಾರು ವರ್ಷ ಬದುಕಿ ತಾನಾಗಿ ಸತ್ತಿತು. ನಮ್ಮ ಸಭೆಯಲ್ಲಿ ಮುಪ್ಪಿನಿಂದ ಸತ್ತ ಕೋಳಿ ಅದೊಂದೇ.

ಅದಾದ ಮೇಲೆ ಬಹಳ ದಿನ ಕಳೆಯದೆ ಹಿರಿಯರೂ ತೀರಿಕೊಂಡರು. ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ, ಅಷ್ಟೆ. ಸಾಹುಕಾರರು ಹರಿಹರಕ್ಕೆ ಆಳು ಕಳಿಸಿದರು. ಮಗಳು, ಅಳಿಯ, ಆಮೇಲೆ ಹುಟ್ಟಿದ್ದ ನಾಲ್ಕು ವರ್ಷದ ಮೊಮ್ಮಗಳು ಬಂದರು. ಪಡಸಾಲೆಯಲ್ಲಿ ಶವದ ಪೆಟ್ಟಿಗೆ ಇಟ್ಟಿತ್ತು. ಗುರುವಾರದ ಕೂಟದವರೆಲ್ಲ ಗೋಡೆಗುಂಟ ನಿಂತಿದ್ದರು. ಅವಳು ಒಳಗೆ ಬಂದು ತಂದೆಯ ತಲೆಯ ಹತ್ತಿರ ಕೂತಾಗ ಹೆಂಗಸರು ಸೆರಗು ಬಾಯಿಗಿಟ್ಟರು. ಕಾಂಪೌಂಡರಿಗೆ ತಡೆದುಕೊಳ್ಳಲಾಗಲಿಲ್ಲ. ಬದುಕಿದ್ದಾಗ ಒಂದು ಸಲ ಬಂದಿದ್ದರೆ, ಒಂದೇ ಒಂದು ಸಲ ಇವರು ಹೋಗಿದ್ದರೆ ಎಂದು ಬಿಕ್ಕಿದರು. ಕಪಟವಿರಲಿಲ್ಲ. ಅವರು ಮುಂದೆ ಎಷ್ಟೋ ವರ್ಷ, ಕಾಣಿಕೆಯ ಭಾಗ ಬಂದಾಗಲೆಲ್ಲ, ವಾಕ್ಯ ಗೊತ್ತಿದ್ದೂ ಅನ್ವಯಿಸದೆ ಹೋದ ಒಬ್ಬ ತಂದೆಯ ಉದಾಹರಣೆ ಕೊಡುತ್ತಿದ್ದರು. ನಾನು ಕೂತು ಕೇಳಿದ್ದೇನೆ.

ಆ ದಿನ ಅವರು ಹಾಗೆ ಅಳುತ್ತಿರುವಾಗ ಮೊಮ್ಮಗಳು ಪೆಟ್ಟಿಗೆಯ ಅಂಚು ಹಿಡಿದು, ಕಾಲ ಬೆರಳ ಮೇಲೆ ನಿಂತು ಇಣುಕಿದಳು. ತಾತನ ಮುಖವನ್ನು ಅತ್ತಿಂದಿತ್ತ ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಕೋಣೆಯೊಳಗೆ ನೋಡಿ ಬಂದಳು. ಬರಿಗೈಯಲ್ಲಿ ಬಂದು, ಸಾವಿಗೆ ಬಂದವರ ಮೇಲೆ ಸ್ವಲ್ಪ ಸಿಟ್ಟಿನಿಂದಲೇ ತಾಯಿಗೆ ಹೇಳಿದಳು.

"ತಾತಂದು ಕನ್ನಡಕ ಎಲ್ಲವ್ವಾ? ಅದಿಲ್ದಿದ್ರೆ ತಾತಂಗೆ ನಾ ಕಾಣಲ್ಲ."

ಮಾತು ಎಲ್ಲರಿಗೂ ಕೇಳಿಸಿತು. ಕೂಟದವರು ಒಬ್ಬರೂ ಬಿಡದೆ ಅಲ್ಲಿದ್ದರು. ಕಾಂಪೌಂಡರು ಕಣ್ಣೊರೆಸಿಕೊಂಡು ಮಗುವಿನ ತಲೆ ಸವರಿ, ಪಾಪ, ತಾತನನ್ನು ನೋಡುವ ಭಾಗ್ಯವೇ ಇದಕ್ಕೆ ಬರಲಿಲ್ಲ ಎಂದರು. ಗೋಡೆಗುಂಟ ನಿಂತವರೆಲ್ಲ ತಲೆಯಾಡಿಸಿದರು. ಮಗಳು ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಆಮೇಲೆ ಅವಳು ಎದ್ದು ಹೋಗಿ, ದಿಂಬಿನ ಕೆಳಗಿದ್ದ ಕನ್ನಡಕವನ್ನು ತಂದು, ಸೆರಗಿನಿಂದ ಒರೆಸಿ, ಮಗುವನ್ನು ಎತ್ತಿ ಹಿಡಿದಳು. ತಾತನಿಗೆ ಹಾಕಿದ್ದು ಮಗುವೇ.